ಮುಟ್ಟಿ ಕಲಿಯುವ ಶಿಶುವಿಹಾರ

ಅಕ್ಷರ ಕಲಿಯುವ ವಯಸ್ಸಿಗೆ ಮುಂಚೆಯೇ ಮಕ್ಕಳ ಕೈಗೆ ಸಾಮಾನು ಕೊಟ್ಟು, ಅದನ್ನು ಉರುಳಿಸಿ, ಜೋಡಿಸಿ, ಕೆಡವಿ ಕಲಿಯಲು ಬಿಡುವ ಪದ್ಧತಿಗೆ ಒಂದು ಕ್ರಮ ಹಾಕಿಕೊಟ್ಟವರು ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್. ತುರಿಂಗಿಯಾ ಪ್ರಾಂತದ ಹಳ್ಳಿಯೊಂದರಲ್ಲಿ ಪಾದ್ರಿಯ ಮಗನಾಗಿ 1782ರಲ್ಲಿ ಹುಟ್ಟಿದ ಅವರು ಹರೆಯದಲ್ಲಿ ಅರಣ್ಯಾಧಿಕಾರಿಯೊಬ್ಬರ ಬಳಿ ಕೆಲಸ ಕಲಿತರು. 1808ರಿಂದ 1810ರವರೆಗೆ ಸ್ವಿಟ್ಜರ್ಲೆಂಡಿನ ಇವರ್ಡಾನ್‌ನಲ್ಲಿ ಶಿಕ್ಷಣತಜ್ಞ ಪೆಸ್ಟಲಾಜಿಯವರ ಶಾಲೆಯಲ್ಲಿದ್ದರು. ಆಮೇಲೆ ಸೇರಿದ್ದು ಬರ್ಲಿನ್ನಿನ ಖನಿಜ ಸಂಗ್ರಹಾಲಯಕ್ಕೆ. ಅಲ್ಲಿ ಹರಳುಶಾಸ್ತ್ರದ ಪಂಡಿತ ಕ್ರಿಶ್ಚಿಯನ್ ಸಾಮ್ಯುಯೆಲ್ ವೈಸ್ ಅವರ ಸಹಾಯಕರಾಗಿ ಹರಳುಗಳನ್ನು ವಿಂಗಡಿಸುವ ಕೆಲಸ. ಮುಂದೆ ಅವರು ಮಕ್ಕಳಿಗಾಗಿ ಮಾಡಿಸಿದ ಮರದ ತುಂಡುಗಳಲ್ಲಿ ಈ ಹರಳುಗಳ ನೆನಪು ಅಚ್ಚೊತ್ತಿದಂತಿದೆ. ಶಿಶುಶಿಕ್ಷಣದ ಚರಿತ್ರೆ ಬರೆಯುವವರು ಪೆಸ್ಟಲಾಜಿಗೆ ಕೊಡುವಷ್ಟು ಜಾಗವನ್ನು ಈ ಸಂಗ್ರಹಾಲಯಕ್ಕೆ ಕೊಡುವುದಿಲ್ಲ, ಕೊಡಬೇಕಿತ್ತು.

1837ರಲ್ಲಿ ಬಾಡ್ ಬ್ಲಾಂಕೆನ್‌ಬರ್ಗ್ ಎಂಬ ಊರಿನಲ್ಲಿ ಆಟ ಮತ್ತು ಚಟುವಟಿಕೆಗಳ ಸಂಸ್ಥೆಯೊಂದನ್ನು ಫ್ರೋಬೆಲ್ ತೆರೆದರು. ಅದಕ್ಕೆ ಕಿಂಡರ್‌ಗಾರ್ಟನ್ ಎಂಬ ಹೆಸರು ಬಂದದ್ದು 1840ರಲ್ಲಿ. ಅಲ್ಲಿಯ ಕಲಿಕೆಯ ಸಾಮಾನುಗಳನ್ನು ಅವರು ‘ಕೊಡುಗೆ’ಗಳೆಂದು ಕರೆದು ಒಂದೊಂದಕ್ಕೂ ಸಂಖ್ಯೆ ಕೊಟ್ಟರು. ಮೊದಲನೆಯದರಲ್ಲಿ ದಾರ ಕಟ್ಟಿದ ಆರು ಬಣ್ಣದ ಉಣ್ಣೆಯ ಚೆಂಡುಗಳು. ಎರಡನೆಯದರಲ್ಲಿ ಮರದ ಗೋಳ, ಘನ, ಸಿಲಿಂಡರ್. ಘನಕ್ಕೆ ದಾರ ಕಟ್ಟಿ, ಹುರಿ ಹಾಕಿ ಬಿಟ್ಟರೆ ಗಿರಗಿರನೆ ತಿರುಗುವಾಗ ಅದರ ಮೂಲೆಗಳು ಕರಗಿ ಸಿಲಿಂಡರಿನ ಆಕಾರ ಕಾಣುತ್ತದೆ. ಸಿಲಿಂಡರನ್ನು ಮಗ್ಗುಲಿನಿಂದ ತೂಗುಹಾಕಿ ತಿರುಗಿಸಿದರೆ ನಡುವೆ ಗೋಳದಂಥದ್ದು ಮೂಡುತ್ತದೆ. ನಾಲ್ಕು ವರ್ಷದ ಮಗುವಿಗೆ ಇದರ ಸೂತ್ರ ಬೇಕಿಲ್ಲ, ಕಂಡರೆ ಸಾಕು. ಮೂರನೆಯ ಕೊಡುಗೆ ಎಂಟು ಪುಟ್ಟ ಘನಗಳಾಗಿ ಬಿಚ್ಚಿಕೊಳ್ಳುವ ಒಂದು ದೊಡ್ಡ ಘನ: ಅರ್ಧ, ಕಾಲು, ಅರೆಕಾಲು ಎಲ್ಲವೂ ಬಾಯಿಪಾಠವಿಲ್ಲದೆ ಕೈಗೆ ಸಿಗುತ್ತಿದ್ದವು. ಇವುಗಳ ಜೊತೆಗೆ ಕಾಗದ ಮಡಿಸುವುದು, ಕಾಗದದ ಪಟ್ಟಿಗಳನ್ನು ಹೆಣೆಯುವುದು, ಜೇಡಿಮಣ್ಣಿನ ಕೆಲಸ. ಹೊರಗೆ ನಿಜವಾದ ತೋಟವೂ ಇತ್ತು. ಪ್ರತಿ ಮಗುವಿಗೂ ಒಂದು ಪುಟ್ಟ ಪಾತಿ, ಅದರ ಸುತ್ತ ಎಲ್ಲರೂ ಕೂಡಿ ನೋಡಿಕೊಳ್ಳಬೇಕಾದ ಪಾತಿಗಳು.

ಈ ಕೆಲಸಗಳಲ್ಲಿ ಬಟಾಣಿ ಕೆಲಸ ಎಂಬುದೊಂದಿತ್ತು. ನೆನೆಸಿದ ಬಟಾಣಿ ಕಾಳಿಗೆ ಚೂಪು ಕಡ್ಡಿಗಳನ್ನು ಚುಚ್ಚಿ ಮನೆ, ಗೋಪುರ, ಕುರ್ಚಿಗಳ ಹಂದರ ಕಟ್ಟುವುದು. ಕಾಳು ಒಣಗಿ ಕುಗ್ಗಿದಂತೆ ಕಡ್ಡಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅಮೆರಿಕದ ಬಕ್‌ಮಿನ್‌ಸ್ಟರ್ ಫುಲ್ಲರ್ ಬಾಲ್ಯದಲ್ಲಿ ಮಾಡಿದ ಈ ಕೆಲಸವನ್ನು ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದರು. ಕಣ್ಣು ಸರಿಯಾಗಿ ಕಾಣದ ಆ ಹುಡುಗ ಉಳಿದವರಂತೆ ಚೌಕದ ಮನೆ ಕಟ್ಟದೆ, ಯಾವ ಆಕಾರ ಅಲುಗಾಡದೆ ನಿಲ್ಲುತ್ತದೆ ಎಂದು ಕೈಯಿಂದಲೇ ತಡಕಿ ನೋಡಿ ತ್ರಿಕೋನಗಳ ಹಂದರ ಕಟ್ಟಿದ. ಚೌಕವನ್ನು ಒತ್ತಿದರೆ ಓರೆಯಾಗುತ್ತದೆ, ತ್ರಿಕೋನ ಹಾಗಾಗುವುದಿಲ್ಲ. ಫುಲ್ಲರ್ ಹೆಸರಾದದ್ದು ತ್ರಿಕೋನಗಳನ್ನು ಹೊಂದಿಸಿ ಕಟ್ಟುವ ಗುಮ್ಮಟಗಳಿಂದ.

ಫ್ರೋಬೆಲ್ ಬದುಕಿದ್ದಾಗಲೇ ಪದ್ಧತಿಗೆ ಪೆಟ್ಟು ಬಿತ್ತು. 1851ರ ಆಗಸ್ಟಿನಲ್ಲಿ ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ನಾಸ್ತಿಕತೆ, ಸಮಾಜವಾದ ಕಲಿಸುತ್ತವೆ ಎಂಬುದು ಆರೋಪ. ಫ್ರೋಬೆಲ್ ಅವರ ಅಣ್ಣನ ಮಗ ಕಾರ್ಲ್ ಬರೆದದ್ದು ಇವರ ತಲೆಗೆ ಕಟ್ಟಿಕೊಂಡಿತ್ತು. ಮರುವರ್ಷ ಫ್ರೋಬೆಲ್ ತೀರಿಕೊಂಡರು. ನಿಷೇಧ ತೆರವಾದದ್ದು 1860ರಲ್ಲಿ. ಅಷ್ಟರಲ್ಲಿ ಜರ್ಮನ್ ವಲಸಿಗರು ಪದ್ಧತಿಯನ್ನು ಅಮೆರಿಕಕ್ಕೆ ಒಯ್ದಿದ್ದರು. ಮಾರ್ಗರೇಥ್ ಶುರ್ಜ್ 1856ರಲ್ಲಿ ವಿಸ್ಕಾನ್ಸಿನ್‌ನ ವಾಟರ್‌ಟೌನ್‌ನಲ್ಲಿ ಜರ್ಮನ್ ಭಾಷೆಯಲ್ಲಿ ಕಿಂಡರ್‌ಗಾರ್ಟನ್ ನಡೆಸಿದರು, 1860ರಲ್ಲಿ ಎಲಿಜಬೆತ್ ಪೀಬಡಿ ಬಾಸ್ಟನ್‌ನಲ್ಲಿ ಇಂಗ್ಲಿಷ್‌ನಲ್ಲಿ ತೆರೆದರು. 1873ರಲ್ಲಿ ಸೂಸನ್ ಬ್ಲೋ ಅವರಿಂದಾಗಿ ಸೇಂಟ್ ಲೂಯಿಸ್ ನಗರದ ಸರ್ಕಾರಿ ಶಾಲೆಯಲ್ಲೇ ಅದಕ್ಕೆ ಜಾಗ ಸಿಕ್ಕಿತು. ಮಿಲ್ಟನ್ ಬ್ರಾಡ್ಲಿ ಕಂಪನಿ ಕೊಡುಗೆಗಳನ್ನು ಪೆಟ್ಟಿಗೆಗಳಲ್ಲಿ ಮಾರತೊಡಗಿತು.

ಪೆಟ್ಟಿಗೆ ಊರೂರಿಗೆ ತಲುಪಿತು, ಆದರೆ ಅದರ ಬೆನ್ನಿಗೆ ವಿಧಿಯೂ ಬಂತು. ಯಾವ ತುಂಡನ್ನು ಮೊದಲು ಎತ್ತಬೇಕು, ಮೇಜಿನ ಮೇಲಿನ ಚೌಕಳಿಯ ಯಾವ ಮನೆಯಲ್ಲಿಡಬೇಕು ಎಂಬುದೆಲ್ಲ ಶಿಕ್ಷಕಿಯ ಅಪ್ಪಣೆಯಂತೆ ನಡೆಯತೊಡಗಿತು. ಕೈಗೆ ಸ್ವಾತಂತ್ರ್ಯ ಕೊಡಲೆಂದು ಹುಟ್ಟಿದ ಪದ್ಧತಿ ಕೈಗೇ ಕವಾಯತು ಮಾಡಿಸಿತು. ರಟ್ಟಿನ ಮೇಲಿನ ಸಣ್ಣ ತೂತುಗಳಲ್ಲಿ ಸೂಜಿ ಹಾಯಿಸುವ ಕೆಲಸ ಎಳೆಯ ಕಣ್ಣಿಗೂ ಬೆರಳಿಗೂ ಹೊರೆ ಎಂದು ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಹಾಲ್ ಟೀಕಿಸಿದರು. ಪ್ಯಾಟಿ ಸ್ಮಿತ್ ಹಿಲ್, ಮಕ್ಕಳು ಕಟ್ಟಿ ಒಳಗೆ ಹೊಕ್ಕು ಆಡುವಷ್ಟು ದೊಡ್ಡ ಮರದ ತುಂಡುಗಳನ್ನು ಮಾಡಿಸಿದರು.

ದಕ್ಷಿಣ ಭಾರತದಲ್ಲಿ ಈ ಪೆಟ್ಟಿಗೆಯಿಂದ ಒಂದು ಗಣಿತ ಪುಸ್ತಕವೂ ಹುಟ್ಟಿತು. ಮದ್ರಾಸಿನ ಟಿ. ಸುಂದರ ರಾವ್ ಅವರ ಕಾಗದ ಮಡಿಕೆಯ ರೇಖಾಗಣಿತ 1893ರಲ್ಲಿ ಇಂಗ್ಲಿಷ್‌ನಲ್ಲಿ ಪ್ರಕಟವಾಯಿತು. ಎಂಟನೆಯ ಸಂಖ್ಯೆಯ ಕಿಂಡರ್‌ಗಾರ್ಟನ್ ಕೊಡುಗೆಯಿಂದ, ಅಂದರೆ ಬಣ್ಣಬಣ್ಣದ 200 ಚೌಕ ಕಾಗದಗಳ ಕಟ್ಟಿನಿಂದ, ತಮಗೆ ಈ ಯೋಚನೆ ಬಂತೆಂದು ಮುನ್ನುಡಿಯಲ್ಲೇ ಅವರು ಹೇಳಿದ್ದಾರೆ. ಅಳತೆಪಟ್ಟಿ, ಕೈವಾರ ಯಾವುದೂ ಬೇಡ. ಕಾಗದ, ಪೆನ್ನಿನ ಚಾಕು ಇದ್ದರೆ ಆಯಿತು. ಅಂಕುಡೊಂಕಾದ ಕಾಗದವನ್ನು ಒಮ್ಮೆ ಮಡಿಸಿದರೆ ಸರಳರೇಖೆ. ಆ ಗೆರೆ ತನ್ನ ಮೇಲೇ ಕೂರುವಂತೆ ಇನ್ನೊಮ್ಮೆ ಮಡಿಸಿದರೆ ಲಂಬಕೋನ. ಚೌಕದ ನಡುಗೆರೆಯ ಮೇಲೆ ಅದರ ಮೂಲೆಯನ್ನು ತಂದು ಕೂರಿಸಿದರೆ ಸಮಬಾಹು ತ್ರಿಭುಜ. ಹೀಗೆಯೇ ಪಂಚಭುಜ, ಷಡ್ಭುಜಗಳನ್ನು ದಾಟಿ ವಕ್ರರೇಖೆಗಳವರೆಗೆ ಪುಸ್ತಕ ಸಾಗುತ್ತದೆ. ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ ತಮ್ಮ ಬರಹದಲ್ಲಿ ಇದನ್ನು ಹೆಸರಿಸಿದ ಮೇಲೆ 1901ರಲ್ಲಿ ಶಿಕಾಗೊದಲ್ಲಿ ಅಮೆರಿಕನ್ ಆವೃತ್ತಿ ಬಂತು. ಜರ್ಮನಿಯ ಮಕ್ಕಳಾಟ ಮದ್ರಾಸಿನಲ್ಲಿ ಗಣಿತವಾಗಿ ಜರ್ಮನಿಗೇ ತಿರುಗಿ ಹೋದದ್ದು ಕನ್ನಡ ಶಾಲೆಗಳ ಗಣಿತ ಮೇಷ್ಟರಿಗೂ ಅಷ್ಟಾಗಿ ಗೊತ್ತಿಲ್ಲ.

1907ರ ಜನವರಿ 6ರಂದು ರೋಮಿನ ಸ್ಯಾನ್ ಲೊರೆಂಜೊ ಬಡಾವಣೆಯಲ್ಲಿ ವೈದ್ಯೆ ಮರಿಯಾ ಮಾಂಟೆಸ್ಸರಿ ಬಡವರ ಮಕ್ಕಳಿಗಾಗಿ ಮನೆಯೊಂದನ್ನು ತೆರೆದರು. ಫ್ರೋಬೆಲ್ ಮಕ್ಕಳ ಕಲ್ಪನೆಗೆ ಒತ್ತು ಕೊಟ್ಟರೆ ಇವರು ಇಂದ್ರಿಯಗಳಿಗೆ ಕೊಟ್ಟರು. ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗಿನ ಹತ್ತು ಗುಲಾಬಿ ಘನಗಳ ಗೋಪುರದಲ್ಲಿ ತಪ್ಪಿದರೆ ಶಿಕ್ಷಕಿ ಹೇಳಬೇಕಿಲ್ಲ, ಗೋಪುರವೇ ತೋರಿಸಿಕೊಡುತ್ತದೆ. ನೋಡಲು ಒಂದೇ ತರ ಇದ್ದು ತೂಕದಲ್ಲಿ ಮಾತ್ರ ಬೇರೆಯಾದ ಮರದ ಹಲಗೆಗಳನ್ನು ಮಕ್ಕಳು ಅಂಗೈಯಲ್ಲಿ ತೂಗಿ ಬೇರ್ಪಡಿಸುತ್ತಿದ್ದರು.

ಮಾಂಟೆಸ್ಸರಿ 1939ರಲ್ಲಿ ಥಿಯೊಸಾಫಿಕಲ್ ಸೊಸೈಟಿಯ ಆಹ್ವಾನದ ಮೇಲೆ ಮದ್ರಾಸಿನ ಅಡ್ಯಾರಿಗೆ ತರಬೇತಿ ಕೊಡಲು ಬಂದರು. ಮರುವರ್ಷ ಇಟಲಿ ಯುದ್ಧಕ್ಕಿಳಿದಾಗ ಶತ್ರುದೇಶದವರೆಂದು ಬ್ರಿಟಿಷರು ಅವರ ಮೇಲೆ ನಿರ್ಬಂಧ ಹಾಕಿದರು, ಮಗ ಮಾರಿಯೊನನ್ನು ಕೆಲಕಾಲ ಬಂಧನದಲ್ಲಿಟ್ಟರು. ಯುದ್ಧದ ನಡುವೆ ಕೊಡೈಕೆನಾಲಿನಲ್ಲಿ ಕಳೆದ ಕಾಲದಲ್ಲಿ ಗಿಡಮರ, ಪ್ರಾಣಿಗಳ ಪರಿಚಯಕ್ಕೆ ಅವರ ಪದ್ಧತಿಯಲ್ಲಿ ಹೆಚ್ಚು ಜಾಗ ಸಿಕ್ಕಿತು.

ಮಾಂಟೆಸ್ಸರಿ ಸಾಮಾನು ಮಾತ್ರ ದುಬಾರಿ. ಆ ಗಂಟನ್ನು ಬಿಚ್ಚಿದವರು ತಾರಾಬಾಯಿ ಮೋಡಕ್. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ತೆರೆದ ಬಾಲಮಂದಿರದಲ್ಲಿ ದುಡಿದ ಅವರು 1945ರಲ್ಲಿ ಮಹಾರಾಷ್ಟ್ರ ಕರಾವಳಿಯ ಬೋರ್ಡಿಗೆ, 1957ರಲ್ಲಿ ಅಲ್ಲೇ ಹತ್ತಿರದ ಕೋಸಬಾಡಕ್ಕೆ ಹೋದರು. ಜೊತೆಗಿದ್ದವರು ಅನುತಾಯಿ ವಾಘ್. ಆದಿವಾಸಿ ಮಕ್ಕಳು ಶಾಲೆಗೆ ಬರದಿದ್ದಾಗ ಶಾಲೆಯೇ ಕೇರಿಯ ಅಂಗಳಕ್ಕೆ ಹೋಯಿತು, ದನ ಕಾಯುವ ಮಕ್ಕಳಿಗೆ ಹುಲ್ಲುಗಾವಲಿಗೇ ಹೋಯಿತು. ಬೀಜ, ಎಲೆ, ಬೆಣಚುಕಲ್ಲು, ಚಿಪ್ಪುಗಳೇ ಎಣಿಕೆಗೂ ವಿಂಗಡಣೆಗೂ ಸಾಮಾನಾದವು. ಫ್ರೋಬೆಲ್ ಅವರ ಆರು ಚೆಂಡಿಗೂ ಇಲ್ಲದ ಒಂದು ಅನುಕೂಲ ಇವಕ್ಕಿತ್ತು: ಕಳೆದರೆ ಇನ್ನೊಂದನ್ನು ಹೆಕ್ಕಿಕೊಳ್ಳಬಹುದು.

ಅಂಗಳದ ಬಾಲವಾಡಿ, ಅಂದರೆ ಅಂಗನವಾಡಿ, ಎಂಬ ಈ ಪ್ರಯೋಗದ ಹೆಸರು 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಕೇಂದ್ರಗಳಿಗೆ ಬಂತು. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ 100 ಅಂಗನವಾಡಿಗಳೊಂದಿಗೆ ಯೋಜನೆ ಶುರುವಾಯಿತು. ಪೌಷ್ಟಿಕ ಆಹಾರ, ಚುಚ್ಚುಮದ್ದು, ದಾಖಲೆ ಪುಸ್ತಕಗಳ ನಡುವೆ ಕಾರ್ಯಕರ್ತೆಗೆ ಆಟ-ಪಾಠಕ್ಕೆ ಸಿಗುವ ಹೊತ್ತು ಕಡಿಮೆ. ಆದರೂ ‘ಚಿಲಿಪಿಲಿ’ ಎಂಬ ಚಟುವಟಿಕೆ ಪುಸ್ತಕ ಕರ್ನಾಟಕದ ಅಂಗನವಾಡಿಗಳಲ್ಲಿ ಬಳಕೆಗೆ ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಒಂದೇ ಹಂತವಾಗಿ ಹಿಡಿಯಿತು, 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆ ವಯಸ್ಸಿನವರಿಗಾಗಿ ಆಟಿಕೆ, ಗೊಂಬೆ, ಒಗಟುಗಳಿರುವ ‘ಜಾದೂಯಿ ಪಿಟಾರಾ’ ಎಂಬ ಪೆಟ್ಟಿಗೆಯನ್ನು ಹೊರತಂದಿತು.