ಕಾಂಕಾಲ್‌ನ ಹೆಂಗಸರು

1877ರ ಬೇಸಿಗೆಯಲ್ಲಿ ಜಾನ್ ಸಿಂಗರ್ ಸಾರ್ಜೆಂಟ್ ಪ್ಯಾರಿಸ್ ಬಿಟ್ಟು ಬ್ರಿಟನಿ ಕರಾವಳಿಯ ಕಾಂಕಾಲ್ ಎಂಬ ಮೀನುಗಾರರ ಊರಿಗೆ ಹೋದ. ಆಗ ಅವನಿಗೆ 21 ವರ್ಷ. ಅಲ್ಲಿ ಬಿಡಿಬಿಡಿಯಾಗಿ ಬರೆದುಕೊಂಡದ್ದನ್ನೆಲ್ಲ ಸೇರಿಸಿ ದೊಡ್ಡದೊಂದು ಚಿತ್ರ ಮಾಡಿ 1878ರ ಪ್ಯಾರಿಸ್ ಸಲಾನ್‌ ಪ್ರದರ್ಶನಕ್ಕೆ ಕಳಿಸಿದ. ಅದೇ ದೃಶ್ಯದ ಚಿಕ್ಕ ಚಿತ್ರ ನ್ಯೂಯಾರ್ಕಿಗೆ ಹೋಯಿತು. ಈಗ ಅದು ಬೋಸ್ಟನ್ನಿನ ಮ್ಯೂಸಿಯಂನಲ್ಲಿದೆ.

ಸಮುದ್ರ ಇಳಿದಿದೆ. ಬುಟ್ಟಿ ಹಿಡಿದ ಹೆಂಗಸರು ಮಕ್ಕಳೊಂದಿಗೆ ಒದ್ದೆ ಮರಳಿನ ಮೇಲೆ ನಡೆದು ಬರುತ್ತಿದ್ದಾರೆ. ಹಿಂದೆ ದೀಪಸ್ತಂಭ, ಮರಳಿನ ಗುಂಡಿಗಳಲ್ಲಿ ನಿಂತ ನೀರಿನಲ್ಲಿ ಆಕಾಶ. ಸಾರ್ಜೆಂಟ್ ಇಂಪ್ರೆಷನಿಸ್ಟರ ಗುಂಪಿನವನಲ್ಲ, ಆದರೂ ಆ ಬೆಳಕು ಅವರದೇ. ಚೆಂದದ ಚಿತ್ರ. ಎಷ್ಟು ಚೆಂದವೆಂದರೆ, ಇವರು ಕೆಲಸಕ್ಕೆ ಹೊರಟವರು ಅನ್ನುವುದೇ ಮರೆತುಹೋಗುತ್ತದೆ.

ಪ್ರಾಜೆಕ್ಟ್ ನಡೆಸುವ ಕಸುಬಿನವನಾದ ನನಗೆ ಇರುವವರಿಗಿಂತ ಇಲ್ಲದವರೇ ಮೊದಲು ಕಣ್ಣಿಗೆ ಬೀಳುತ್ತಾರೆ. ಮುಂದೆ ನಡೆಯುತ್ತಿರುವವರಲ್ಲಿ ಪ್ರಾಯದ ಗಂಡಸು ಒಬ್ಬನೂ ಇಲ್ಲ. ಕಾಂಕಾಲ್, ಸೇಂಟ್ ಮಾಲೊ ಕಡೆಯ ಗಂಡಸರು ವಸಂತದಲ್ಲಿ ಕಾಡ್ ಮೀನು ಹಿಡಿಯಲು ಅಟ್ಲಾಂಟಿಕ್ ದಾಟಿ ನ್ಯೂಫೌಂಡ್‌ಲ್ಯಾಂಡ್‌ನ ಕಡಲಿಗೆ ಹೋಗುತ್ತಿದ್ದರು. ಹಿಡಿದ ಮೀನಿಗೆ ಅಲ್ಲೇ ಉಪ್ಪು ಹಾಕಿ ತುಂಬಿಕೊಂಡು ಶರತ್ಕಾಲದಲ್ಲಿ ತಿರುಗಿ ಬರಬೇಕು. ದಟ್ಟ ಮಂಜಿನಲ್ಲಿ ಹಡಗಿನಿಂದ ಇಳಿಸಿದ ಚಿಕ್ಕ ದೋಣಿಗಳು ದಾರಿ ತಪ್ಪಿ, ಬಾರದೇ ಹೋದವರೂ ಉಂಟು. ಆ ತಿಂಗಳುಗಳಲ್ಲಿ ಊರಿನ ಒಲೆ ಉರಿಸಬೇಕಾದವರು ಈ ಬುಟ್ಟಿಯವರೇ.

ಅವರ ಗಡಿಯಾರ ಸಮುದ್ರ. ಕಾಂಕಾಲ್ ಇರುವ ಕೊಲ್ಲಿಯಲ್ಲಿ ಉಬ್ಬರ ಇಳಿತದ ಅಂತರ 13 ಮೀಟರ್ ದಾಟುವುದುಂಟು. ನೀರು ದೂರ ಸರಿದಾಗ ಇಳಿಯಬೇಕು, ತಿರುಗುವ ಮೊದಲು ದಡ ಸೇರಬೇಕು. ದಿನದಿನಕ್ಕೂ ಹೊತ್ತು ಬದಲು. ನಮ್ಮ ಅಘನಾಶಿನಿ ಅಳಿವೆಯಲ್ಲಿ ಬಳಚು ಆರಿಸುವ ಹೆಂಗಸರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಹೆಸರಿನದೂ ಒಂದು ಕಥೆ. ಸಲಾನ್‌ನಲ್ಲಿ ಚಿತ್ರಕ್ಕಿದ್ದ ಹೆಸರಿನ ಅರ್ಥ ‘ಮೀನುಗಾರಿಕೆಗೆ ಹೊರಟವರು’ ಎಂದಷ್ಟೇ. ದೊಡ್ಡ ಚಿತ್ರವನ್ನು ‘ಕಾಂಕಾಲ್‌ನ ಸಿಂಪಿ ಆರಿಸುವವರು’ ಎಂದು ಕರೆದದ್ದು ಆಮೇಲೆ. ಪ್ಯಾರಿಸ್ಸಿನ ಊಟದ ಮೇಜಿನಲ್ಲಿ ಕಾಂಕಾಲ್ ಅಂದರೆ ಸಿಂಪಿ, ಹಾಗಾಗಿ ಆ ಹೆಸರು ಸುಲಭವಾಗಿ ಅಂಟಿಕೊಂಡಿತೇನೋ. ಆದರೆ ಅಲ್ಲಿನ ಸಿಂಪಿಯೂ ಆಗ ಮೊದಲಿನ ಹಾಗೆ ಇರಲಿಲ್ಲ. ಸಮುದ್ರದ ತಳವನ್ನೇ ಬಾಚಿ ಎಳೆದು ನೈಸರ್ಗಿಕ ಸಿಂಪಿ ನೆಲೆಗಳು ಬಡವಾಗಿದ್ದವು. 1850ರ ದಶಕದಲ್ಲೇ ಸರ್ಕಾರ ವಿಜ್ಞಾನಿ ವಿಕ್ಟರ್ ಕೋಸ್ಟ್‌ನ ಮಾತು ಕೇಳಿ ಸಿಂಪಿ ಸಾಕುವುದಕ್ಕೆ ಕೈಹಾಕಿತ್ತು.

ಸಲಾನ್‌ನಲ್ಲಿ ಈ ಚಿತ್ರ ಸಾರ್ಜೆಂಟ್‌ನ ದಾರಿ ತೆರೆಯಿತು. ಅವನು ಕಾಂಕಾಲ್‌ನಲ್ಲಿ ಬ್ರಶ್ಶು ಹಿಡಿದಿದ್ದ ಆ ಬೇಸಿಗೆಯಲ್ಲಿ, ಕಾಡ್ ಹಡಗುಗಳು ಊರಿಗೆ ಮರಳುವ ಕಾಲ ಇನ್ನೂ ಬಂದಿರಲಿಲ್ಲ.