ರೂವಾರಿಯ ಉಳಿಯ ಹಿಂದೆ

ಬೇಲೂರಿನ ಮದನಿಕೆಯರನ್ನೂ ಹಳೇಬೀಡಿನ ಭಿತ್ತಿಗಳನ್ನೂ ಕಣ್ತುಂಬ ನೋಡಿ ಬಂದವರು ಸಾಮಾನ್ಯವಾಗಿ ಆಡುವ ಮಾತು ಒಂದೇ: “ಎಂಥ ಕೈಚಳಕ! ಇದು ಮನುಷ್ಯರ ಕೆಲಸವಲ್ಲ.” ಆ ಮಾತಿನಲ್ಲಿ ಮೆಚ್ಚಿಕೆಯೇನೋ ಉಂಟು, ಆದರೆ ಚರಿತ್ರೆಯಿಲ್ಲ. ಇದು ಮನುಷ್ಯರದೇ ಕೆಲಸ. ಆ ಕೈಗೆ ಕಲ್ಲನ್ನು ಒದಗಿಸಿದವರು ಯಾರು, ವಿದ್ಯೆಯನ್ನು ಕಲಿಸಿದವರು ಯಾರು, ಕೆಲಸ ನಡೆಯುವಷ್ಟು ಕಾಲ ಅನ್ನವಿಕ್ಕಿದವರು ಯಾರು ಎಂದು ವಿಚಾರಿಸುವವರು ವಿರಳ. ವಾಚಕರೇ, ಇಂದು ಹಾಸನದ ಸೀಮೆಯ ಈ ಕಲ್ಲುಗೆಲಸವನ್ನು ಒಂದು ದೊಡ್ಡ ಕೈಗಾರಿಕೆಯೆಂದೇ ಭಾವಿಸಿ ನೋಡೋಣ. ಹೊಸ ಉಪಾಯ, ಕುಶಲತೆ, ಸಾಮಗ್ರಿಯ ಪೂರೈಕೆ, ಬಾಳಿಕೆ ಎಂದು ಈಗಿನ ಕಾರ್ಖಾನೆಗಳವರು ಆಡುವ ಮಾತುಗಳೆಲ್ಲವೂ ಎಂಟುನೂರು ವರ್ಷಗಳ ಹಿಂದೆಯೇ ಇಲ್ಲಿ ಕಾರ್ಯರೂಪದಲ್ಲಿದ್ದುವು.

ಜಕಣಾಚಾರಿಯ ಕಥೆಯನ್ನು ಅರಿಯದ ಕನ್ನಡಿಗನಿಲ್ಲ. ತಂದೆಯು ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಮಗ ಡಂಕಣನು ಹೇಳಿದನಂತೆ; ಗಂಧವನ್ನು ಬಳಿದು ನೋಡಲು ಹೊಕ್ಕುಳಿನ ಬಳಿ ಮಾತ್ರ ಅದು ಒಣಗಲಿಲ್ಲವಂತೆ; ಅಲ್ಲಿ ಉಳಿಯಿಡಲು ನೀರೂ ಮರಳೂ ಕಪ್ಪೆಯೂ ಹೊರಬಿದ್ದುವಂತೆ. ಬೇಲೂರಿನ ಕಪ್ಪೆ ಚೆನ್ನಿಗರಾಯನಿಗೆ ಹೆಸರು ಬಂದುದು ಹೀಗೆಂದು ಜನ ಹೇಳುತ್ತಾರೆ. ಇದು ಐತಿಹ್ಯವೇ ಹೊರತು ಇತಿಹಾಸವಲ್ಲ. ಹೊಯ್ಸಳ ದೇವಾಲಯಗಳ ವಿಗ್ರಹಗಳ ಕೆಳಗೆ ಕೆತ್ತಿರುವ ಹೆಸರುಗಳ ಸಾಲಿನಲ್ಲಿ ಜಕಣಾಚಾರಿಯ ಹೆಸರು ಕಾಣುವುದಿಲ್ಲ. ಆದರೂ ಕಥೆಯಲ್ಲಿ ಒಂದು ತಿರುಳಿದೆ. ಅಲ್ಲಿ ತಂದೆ ಸೋತದ್ದು ಕೈಯ ಕುಶಲತೆಯಲ್ಲಲ್ಲ, ಕಲ್ಲಿನ ಪರೀಕ್ಷೆಯಲ್ಲಿ. ಸಾಮಗ್ರಿ ಕೆಟ್ಟರೆ ಕೌಶಲವೂ ಕೆಟ್ಟಿತೆಂಬ ಕಸಬಿನ ವಿವೇಕವನ್ನು ಜನಪದರು ಕಥೆಯಲ್ಲಿಟ್ಟು ಕಾಪಾಡಿದ್ದಾರೆ.

ಹಾಗಾದರೆ ಆ ಸಾಮಗ್ರಿ ಯಾವುದು? ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೋದರೆ ಇದಕ್ಕೆ ಉತ್ತರ ದೊರೆಯುತ್ತದೆ. ಬೆಟ್ಟದ ಮೇಲೆ ಹತ್ತನೆಯ ಶತಮಾನದ ಕೊನೆಗೆ ಚಾವುಂಡರಾಯನು ಮಾಡಿಸಿದ ಗೊಮ್ಮಟನಿದ್ದಾನೆ. ಎತ್ತರ ಸುಮಾರು 57 ಅಡಿ. ಅದು ಕಗ್ಗಲ್ಲು. ಬೆಟ್ಟದ ಬಂಡೆಯನ್ನೇ ನಿಂತ ನೆಲದಲ್ಲಿ ಕಡೆದದ್ದು; ಸಾಗಿಸುವ ಮಾತೇ ಇಲ್ಲ. ಕೆಳಗೆ ಊರೊಳಗೆ 1181ರಲ್ಲಿ ಮಂತ್ರಿ ಚಂದ್ರಮೌಳಿಯ ಪತ್ನಿ ಆಚಿಯಕ್ಕನು ಕಟ್ಟಿಸಿದ ಅಕ್ಕನ ಬಸದಿಯಿದೆ. ಇದರದು ಬಳಪದ ಕಲ್ಲು. ನಮ್ಮ ಕಾಲದ ಮಕ್ಕಳು ಸ್ಲೇಟಿನ ಮೇಲೆ ಅಕ್ಷರ ತಿದ್ದುತ್ತಿದ್ದ ಬಳಪದ ಜಾತಿಗೇ ಸೇರಿದ ಕಲ್ಲು ಇದು. ಗಣಿಯಿಂದ ತೆಗೆದ ಹೊಸದರಲ್ಲಿ ಮೆತ್ತಗಿದ್ದು ಉಳಿಗೆ ಒಗ್ಗುತ್ತದೆ. ಗಾಳಿ ಬಿಸಿಲಿಗೆ ಮೈಯೊಡ್ಡಿದಂತೆ ಗಟ್ಟಿಯಾಗುತ್ತದೆ. ಬಾದಾಮಿ ಐಹೊಳೆಗಳ ಶಿಲ್ಪಿಗಳು ಮರಳುಗಲ್ಲಿನಲ್ಲಿ ಕೆಲಸ ಮಾಡಿದ್ದರು. ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಕುಶಲಿಗಳು ಈ ಬಳಪದ ಕಲ್ಲಿಗೆ ಕೈಹಾಕಿದರು. ಹೊಯ್ಸಳರ ಕಾಲದಲ್ಲಿ ಅದರ ಗುಣವೆಲ್ಲ ಹೊರಬಿದ್ದಿತು. ಬಂಗಾರದ ಒಡವೆಯ ಸೂಕ್ಷ್ಮ ಕಲ್ಲಿಗೆ ಬಂದುದು ಈ ಆಯ್ಕೆಯಿಂದ. ಹೊಸ ಉಪಾಯವೆಂದರೆ ಇದೇ ಅಲ್ಲವೆ?

ಕಲ್ಲು ಬದಲಾದೊಡನೆ ಕೆಲಸದ ಕ್ರಮವೂ ಬದಲಾಯಿತು. ಅಕ್ಕನ ಬಸದಿಯ ನವರಂಗದ ಕಂಬಗಳನ್ನು ನೋಡಿ. ಬಳೆಗಳನ್ನು ಒಂದರ ಮೇಲೊಂದು ಜೋಡಿಸಿದಂತೆ ಸುತ್ತಲೂ ಏಣುಗಳು. ಮೈ ಕನ್ನಡಿಯಂತೆ ನುಣುಪು. ಕಂಬವನ್ನು ತಿರುಗಿಸುತ್ತ ಉಳಿಯನ್ನು ಒಡ್ಡಿ ಕಡೆದ ಈ ತಿರುಗಣೆಯ ಕಂಬಗಳು ಇಂದಿನ ಲೇತ್ ಯಂತ್ರದ ಕೆಲಸವನ್ನು ನೆನಪಿಗೆ ತರುತ್ತವೆ. ಗೋಡೆಗಳಲ್ಲಿ ಗಾರೆಯಿಲ್ಲ. ಒಂದು ಕಲ್ಲಿನ ನಾಲಗೆ ಇನ್ನೊಂದು ಕಲ್ಲಿನ ಕುಳಿಯಲ್ಲಿ ಕೂಡುವಂತೆ ಅಳತೆಯಿಟ್ಟು ಜೋಡಿಸಿದ್ದಾರೆ. ಅಳತೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಮೆಯಾದರೂ ಮೇಲಿನ ಸಾಲುಗಳು ಕೂರುವುದಿಲ್ಲ. ಆದ್ದರಿಂದ ಅನೇಕ ಕೈಗಳು ಒಂದೇ ಅಳತೆಗೆ ಬದ್ಧವಾಗಿದ್ದುವೆಂಬುದು ನಿಶ್ಚಯ.

ಈ ಜೋಡಣೆಯಿಂದ ಇನ್ನೊಂದು ಲಾಭವಿದೆ. ಜೋಡಿಸಿದ್ದನ್ನು ಬಿಚ್ಚಬಹುದು, ಬಿಚ್ಚಿದ್ದನ್ನು ಮತ್ತೆ ಜೋಡಿಸಬಹುದು. ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ನಮ್ಮ ಕಾಲದಲ್ಲಿ ಕಲ್ಲು ಕಲ್ಲಾಗಿ ಬಿಚ್ಚಿ, ಗುರುತು ಹಾಕಿ, ದಡದಲ್ಲಿ ಮತ್ತೆ ನಿಲ್ಲಿಸಿದರು. ಒಡೆದು ಎಸೆಯಬೇಕಾಗದೆ ತಿದ್ದಿ ಉಳಿಸಿಕೊಳ್ಳಬಹುದಾದ ಪದಾರ್ಥವೇ ನಿಜವಾಗಿ ಬಾಳುವ ಪದಾರ್ಥ.

ಇನ್ನು ಕೆಲಸಗಾರರ ವಿಚಾರ. ಶಾಸನಗಳು ಶಿಲ್ಪಿಯನ್ನು ‘ರೂವಾರಿ’ ಎನ್ನುತ್ತವೆ. ‘ರೂಪಕಾರ’ ಎಂಬುದು ಕನ್ನಡದ ಬಾಯಲ್ಲಿ ಹೀಗಾಯಿತು. ಅವರ ಹೆಸರುಗಳ ಕೊನೆಯಲ್ಲಿ ಬರುವ ‘ಓಜ’ ಎಂಬುದು ‘ಉಪಾಧ್ಯಾಯ’ ಶಬ್ದದ ತದ್ಭವ. ದಾಸೋಜ, ಬೈಚೋಜ ಎಂಬಲ್ಲೆಲ್ಲ ಇರುವುದು ಈ ಓಜನೇ. ಕಲ್ಲು ಕಡೆಯುವವನ ಹೆಸರಿನೊಳಗೆ ಕಲಿಸುವವನು ಕುಳಿತಿದ್ದಾನೆ! ಕುಶಲತೆ ಹೇಗೆ ಮುಂದುವರಿಯಿತೆಂಬುದಕ್ಕೆ ಇದಕ್ಕಿಂತ ಬೇರೆ ವ್ಯಾಖ್ಯಾನ ಬೇಕೆ? 1117ರಲ್ಲಿ ವಿಷ್ಣುವರ್ಧನನು ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಿಸಿದನಷ್ಟೆ. ಅಲ್ಲಿನ ಮದನಿಕೆಗಳಲ್ಲಿ ತಮ್ಮ ಹೆಸರನ್ನು ಬಿಟ್ಟುಹೋದ ದಾಸೋಜನೂ ಅವನ ಮಗ ಚಾವಣನೂ ಇಂದಿನ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯವರು. ವಿದ್ಯೆ ತಂದೆಯಿಂದ ಮಗನಿಗೆ ಇಳಿಯಿತು, ಕೆಲಸವಿದ್ದ ಕಡೆಗೆ ನಡೆದುಕೊಂಡೂ ಬಂದಿತು.

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಇದರ ಮತ್ತೊಂದು ಮುಖವನ್ನು ಕಾಣಬಹುದು. ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯವನ್ನು 1246ರಲ್ಲಿ, ಸೋಮೇಶ್ವರನ ಆಳ್ವಿಕೆಯಲ್ಲಿ, ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದನು. ಗುಡಿಯ ದಕ್ಷಿಣದ ವಿಗ್ರಹಗಳು ನಂದಿಯ ಬೈಚೋಜನವು, ಉತ್ತರದವು ಮಲ್ಲಿತಮ್ಮನವು. ಒಂದರಲ್ಲಿ ಗಾಂಭೀರ್ಯ ಹೆಚ್ಚು, ಇನ್ನೊಂದರಲ್ಲಿ ಚಟುವಟಿಕೆ ಹೆಚ್ಚು. ಆದರೂ ಗುಡಿ ಒಂದೇ, ಅಳತೆ ಒಂದೇ. ಈ ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಲ್ಲಿಯೂ ಇದೆ, 1268ರ ಸೋಮನಾಥಪುರದಲ್ಲಿಯೂ ಇದೆ. ನಡುವೆ 72 ವರ್ಷ! ಹೆಸರು ಹಾಕುವ ಪದ್ಧತಿಯಿಂದ ಕೆಲಸಗಾರನಿಗೆ ಮಾನವೂ ಉಂಟಾಯಿತು, ಹೊಣೆಯೂ ಉಂಟಾಯಿತು. ಹೆಸರು ಕೆತ್ತಿದ ಮೇಲೆ ಕೆಟ್ಟ ಕೆಲಸಕ್ಕೆ ಮುಖ ಮರೆಸಿಕೊಳ್ಳಲು ಎಡೆಯೆಲ್ಲಿ?

ಕೈಗೆ ಕಲ್ಲು ದೊರಕಿತು, ವಿದ್ಯೆ ದೊರಕಿತು, ಹೊಟ್ಟೆಗೆ? ಗುಡಿಗಳನ್ನು ಅರಸರೇ ಕಟ್ಟಿಸಿದರೆಂದು ತಿಳಿಯಬೇಡಿ. ಹಾಸನದ ಹತ್ತಿರದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿಯ ಗುಡಿಯನ್ನು 1113-14ರ ಸುಮಾರಿಗೆ ಕಟ್ಟಿಸಿದವರು ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಪತ್ನಿ ಸಹಜಾದೇವಿಯೂ. ಶ್ರವಣಬೆಳಗೊಳದಲ್ಲಿ 1195ರಲ್ಲಿ ನಾಗದೇವನು ಕಟ್ಟಿಸಿದ ನಗರ ಜಿನಾಲಯಕ್ಕೆ ಆ ಹೆಸರು ಬಂದುದು ಅದನ್ನು ನೋಡಿಕೊಂಡ ವರ್ತಕರ ಸಮೂಹದಿಂದ. ಗುಡಿ ಮುಗಿದ ದಿನಕ್ಕೆ ವ್ಯವಸ್ಥೆ ಮುಗಿಯುತ್ತಿರಲಿಲ್ಲ. ಪೂಜೆಗೆ, ಜೀರ್ಣೋದ್ಧಾರಕ್ಕೆ, ಅನ್ನದಾನಕ್ಕೆ ಎಂದು ಗದ್ದೆ ಬೆದ್ದಲುಗಳನ್ನೂ ಸುಂಕದ ಪಾಲನ್ನೂ ಗಾಣದ ಎಣ್ಣೆಯನ್ನೂ ದತ್ತಿಬಿಟ್ಟು ಕಲ್ಲಿನಲ್ಲಿ ಬರೆಯಿಸಿದರು. ಕಟ್ಟುವಾಗಲೇ ಮುಂದಿನ ದುರಸ್ತಿಯ ಹಣವನ್ನು ಎತ್ತಿಡುವ ಬುದ್ಧಿ ಇದು.

ಹೀಗೆ ದತ್ತಿಯ ಬೇರು ಗದ್ದೆಯಲ್ಲಿತ್ತು. ಗದ್ದೆಯ ಬೇರು ನೀರಿನಲ್ಲಿ. ಅದೇ ವಿವೇಕವನ್ನು ಈ ಸೀಮೆಯ ಹಳೆಯ ಅಣೆಕಟ್ಟುಗಳಲ್ಲಿಯೂ ನೋಡಬಹುದು. ಹೊಳೆನರಸೀಪುರದ ಕಡೆ ಹೇಮಾವತಿಗೆ ಶ್ರೀರಾಮದೇವರ ಕಟ್ಟೆಯುಂಟು. ಅರಕಲಗೂಡಿನ ಕಡೆ ಕಾವೇರಿಗೆ ಕಟ್ಟೇಪುರದ ಕಟ್ಟೆಯುಂಟು. ಕಾಲುವೆಯ ಹೂಳನ್ನು ತೆಗೆಯದ ವರ್ಷ ಕೊನೆಯ ಗದ್ದೆಗೆ ನೀರು ಮುಟ್ಟದೆಂಬುದು ಆ ಕಡೆಯ ರೈತರಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ.

ಇಷ್ಟು ದೃಢವಾದ ಸರಪಳಿ ತುಂಡಾದುದು ಹೇಗೆ? 1311ರಲ್ಲಿ ಮಲಿಕ್ ಕಾಫೂರನ ದಂಡು ದ್ವಾರಸಮುದ್ರದ ಮೇಲೆ ಬಿದ್ದಿತು. ಮುಂದೆ ದೆಹಲಿಯ ಸೈನ್ಯ ಮತ್ತೊಮ್ಮೆ ಬಂದಿತು. ಮೂರನೆಯ ಬಲ್ಲಾಳನು ದಕ್ಷಿಣದ ಯುದ್ಧದಲ್ಲಿ ಮಡಿದ ಮೇಲೆ ರಾಜ್ಯವೇ ಅಳಿಯಿತು. ಕಲ್ಲಿನ ಗಣಿ ಎಲ್ಲಿಗೂ ಹೋಗಲಿಲ್ಲ. ರೂವಾರಿಗಳ ಕುಲವೂ ಒಂದೇ ದಿನದಲ್ಲಿ ಅಳಿಯಲಿಲ್ಲ. ಆದರೆ ಕೆಲಸ ಕೊಡುವವರು ಇಲ್ಲವಾದರು. ಕೆಲಸವಿಲ್ಲದ ಮನೆಯಲ್ಲಿ ಓಜನು ಯಾರಿಗೆ ಕಲಿಸಬೇಕು? ವಿಜಯನಗರದವರು ಹಂಪೆಯಲ್ಲಿ ತಮಗೆ ಸುಲಭವಾಗಿ ದೊರೆತ ಕಗ್ಗಲ್ಲಿಗೆ ತಿರುಗಿದರು. ಅಲ್ಲಿಯೂ ದೊಡ್ಡ ಕೆಲಸ ನಡೆಯಿತು. ಆದರೆ ಬಳಪದ ಕಲ್ಲಿನ ಆ ಸೂಕ್ಷ್ಮ ಅಷ್ಟು ವಿಸ್ತಾರವಾಗಿ ಮತ್ತೆ ಕಾಣಿಸಿಕೊಳ್ಳಲಿಲ್ಲ.

ಇದು ಹಳೆಯ ಕಾಲದ ಮಾತು ಮಾತ್ರವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಶ್ರವಣಬೆಳಗೊಳವು ಹಿತ್ತಾಳೆಯ ಪಾತ್ರೆಗಳಿಗೆ ಹೆಸರಾಗಿತ್ತು. ಅಲ್ಲಿಂದ ಅವು ಹೊರಗಿನ ಊರುಗಳಿಗೂ ಹೋಗುತ್ತಿದ್ದುವು. ಆಮೇಲೆ ನಮ್ಮ ಅಡುಗೆಮನೆಗಳಿಗೆ ಅಲ್ಯೂಮಿನಿಯಮ್ಮೂ ಸ್ಟೀಲೂ ಬಂದುವು, ಹಿತ್ತಾಳೆ ಅಟ್ಟವನ್ನೇರಿತು. ಕುಶಲತೆಯ ಬಾಳು ಕೊಳ್ಳುವವನ ಮನೆಯವರೆಗೂ ಹಬ್ಬಿದೆ ಎಂಬುದನ್ನು ನಾವೂ ನೀವೂ ಮರೆಯಬಾರದು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಸಂತೋಷದ ವಿಷಯ. ಆದರೆ ಪಟ್ಟಿಗೆ ಸೇರಿದ್ದು ಕಲ್ಲು; ಉಳಿ ಹಿಡಿಯುವ ಕೈಯನ್ನು ಯಾವ ಪಟ್ಟಿಯೂ ಕಾಪಾಡಲಾರದು. ಕೋಲಾರ ಜಿಲ್ಲೆಯ ಶಿವಾರಪಟ್ಟಣದಂಥ ಊರುಗಳಲ್ಲಿ ಶಿಲ್ಪದ ಕಸಬು ಇಂದಿಗೂ ಜೀವಂತವಾಗಿದೆ. ಅದಕ್ಕೆ ಕಾರಣ ಅಲ್ಲಿ ಕಲಿಸುವವರೂ ಇದ್ದಾರೆ, ವಿಗ್ರಹ ಮಾಡಿಸುವವರೂ ಇದ್ದಾರೆ. ಊರಿಗೊಂದು ಕಾರ್ಖಾನೆ ಬರಲೆಂದು ಹಾರೈಸುವ ನಾವು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಸಾಮಗ್ರಿ ಎಲ್ಲಿಂದ ಬರುತ್ತದೆ, ಎಷ್ಟು ಕಾಲ ಬರುತ್ತದೆ? ಮಕ್ಕಳಿಗೆ ಕಲಿಸುವ ಓಜನು ಯಾರು? ಮಾಡಿದ್ದು ಕೆಟ್ಟಾಗ ತಿದ್ದುವುದಕ್ಕೆ ದತ್ತಿ ಎಲ್ಲಿದೆ?

ಮುಂದಿನ ಸಲ ರಜೆಯಲ್ಲಿ ಬಿಡುವಾದರೆ ಮಕ್ಕಳನ್ನು ಕರೆದುಕೊಂಡು ನುಗ್ಗೇಹಳ್ಳಿಗೆ ಹೋಗಿ ಬನ್ನಿ. ಗುಡಿಯ ದಕ್ಷಿಣಕ್ಕೂ ಉತ್ತರಕ್ಕೂ ಒಂದು ಸುತ್ತು ಹಾಕಿರಿ. ವಿಗ್ರಹಗಳ ಪೀಠದಲ್ಲಿರುವ ಹಳಗನ್ನಡದ ಅಕ್ಷರಗಳನ್ನು ಮಕ್ಕಳಿಗೆ ತೋರಿಸಿ, ಇದು ದೇವರ ಹೆಸರಲ್ಲ, ಕೆಲಸ ಮಾಡಿದವನ ಹೆಸರು ಎಂದು ಹೇಳಿರಿ.