ಭಟ್ಟಾಚಾರ್ಯ ಬಿಟ್ಟ ಚಿತ್ತಪ್ರಸಾದ್

ನಮ್ಮ ಆಫೀಸಿಗೆ ಹೊಸಬರು ಯಾರೇ ಬರಲಿ, ವಾರದೊಳಗೆ ನನ್ನ ‘ಪೂರ್ತಿ ಹೆಸರು’ ಕೇಳ್ತಾರೆ. ಅವರಿಗೆ ಬೇಕಿರೋದು ಹೆಸರಲ್ಲ ಅಂತ ನಿಮಗೂ ಗೊತ್ತು. ಆಗೆಲ್ಲ ನನಗೆ ಬಂಗಾಳದ ಚಿತ್ರಕಾರ ಚಿತ್ತಪ್ರಸಾದ್ ನೆನಪಾಗ್ತಾರೆ. ಹುಟ್ಟಿದ್ದು 1915ರಲ್ಲಿ, ಬ್ರಾಹ್ಮಣರ ಮನೆಯಲ್ಲಿ. ಭಟ್ಟಾಚಾರ್ಯ ಅನ್ನೋ ಮನೆತನದ ಹೆಸರು ಜಾತಿ ಹೇಳುತ್ತೆ ಅಂತ ಅದನ್ನು ಬಿಟ್ಟುಬಿಟ್ಟರು. ಹಾಗಂತ ಬಾಡಿಗೆ ಮನೆಗೋಸ್ಕರ ನಮ್ಮವರು ಹೆಸರು ಮುಚ್ಚಿಡೋದಕ್ಕೂ ಇದಕ್ಕೂ ಹೋಲಿಕೆ ಮಾಡಬೇಡಿ. ಅವರು ಬಿಟ್ಟದ್ದು ಲಾಭ ತರೋ ಹೆಸರು.

ಬಂಗಾಳದ ಹಳ್ಳಿ ಚಿತ್ರ ಅಂದ್ರೆ ಹಸಿರು ಗದ್ದೆ, ಕೊಳ, ದೋಣಿ. 1943ರಲ್ಲಿ ಆ ದೋಣಿಗಳೇ ಇರಲಿಲ್ಲ. ಜಪಾನಿಯರ ಕೈಗೆ ಸಿಕ್ಕಾವು ಅಂತ ಬ್ರಿಟಿಷ್ ಸರ್ಕಾರ ಅದಕ್ಕೂ ಹಿಂದಿನ ವರ್ಷವೇ ಕರಾವಳಿಯ ದೋಣಿಗಳನ್ನು ಕಿತ್ತುಕೊಂಡಿತ್ತು, ಮಿಗುತಾಯ ಭತ್ತವನ್ನೂ ಎತ್ತಿಸಿತ್ತು. ಅದೇ ಅಕ್ಟೋಬರಿನಲ್ಲಿ ಮಿಡ್ನಾಪುರಕ್ಕೆ ಚಂಡಮಾರುತ ಬೇರೆ. ಅಕ್ಕಿ ಬೆಲೆ ಕೂಲಿಯವರ ಕೈಗೆ ಎಟುಕದಷ್ಟು ಏರಿತು. ಸತ್ತವರು ಸುಮಾರು 30 ಲಕ್ಷ ಅನ್ನೋ ಅಂದಾಜಿದೆ. ಭೂಮಿಯಿಲ್ಲದ ಕೂಲಿಗಳು, ಮೀನುಗಾರರು, ಅಂಬಿಗರೇ ಹೆಚ್ಚು. ಇವರ ಜಾತಿ ಬಿಡಿಸಿ ಹೇಳಬೇಕಾ?

ಆ ನವೆಂಬರಿನಲ್ಲಿ ಕಮ್ಯುನಿಸ್ಟ್ ಪಕ್ಷದ ಕಡೆಯಿಂದ ಚಿತ್ತಪ್ರಸಾದ್ ಮಿಡ್ನಾಪುರದ ಹಳ್ಳಿ ಹಳ್ಳಿ ಸುತ್ತಿದರು. ಬರೀ ಕಪ್ಪು ಶಾಯಿ. ಖಾಲಿ ಗುಡಿಸಲು, ಎಲುಬಿನ ಗೂಡಾದ ಮನುಷ್ಯರು, ಹೆಣಕ್ಕೆ ಕಾದ ನಾಯಿ. ಎಷ್ಟೋ ಚಿತ್ರಗಳ ಜೊತೆಗೆ ಆ ಮನುಷ್ಯನ ಹೆಸರನ್ನೂ ಬರೆದರು. ನನಗೆ ಇದೇ ದೊಡ್ಡದು ಅನ್ಸುತ್ತೆ. ನಮ್ಮವರು ಸತ್ತಾಗ ಲೆಕ್ಕ ಸಿಗುತ್ತೆ, ಅದೂ ಸಿಕ್ಕರೆ. ಹೆಸರು ಎಲ್ಲಿ ಸಿಗುತ್ತೆ?

ಅದು ‘ಹಂಗ್ರಿ ಬೆಂಗಾಲ್’ ಅನ್ನೋ ಪುಸ್ತಕವಾಯ್ತು. ಸರ್ಕಾರ ಸುಮಾರು 5000 ಪ್ರತಿ ಹಿಡಿದು ಸುಟ್ಟಿತು. ಮನೆಯವರು ಒಂದು ಪ್ರತಿ ಉಳಿಸಿಕೊಂಡಿದ್ದರಿಂದ ದಶಕಗಳ ಮೇಲೆ ಮತ್ತೆ ಅಚ್ಚಾಯ್ತು.

ಆಮೇಲೆ ಬಾಂಬೆಯ ಅಂಧೇರಿಯಲ್ಲಿ ಬಡತನದಲ್ಲೇ ಇದ್ದುಕೊಂಡು ಲಿನೋ ಅಚ್ಚಿನ ಚಿತ್ರಗಳನ್ನು ಮಾಡಿದರು. ಲಿನೋ ಅಂದ್ರೆ ನೆಲಕ್ಕೆ ಹಾಸೋ ಅಗ್ಗದ ಹಾಳೆ. ಅದನ್ನು ಉಳಿಯಲ್ಲಿ ಕೆತ್ತಿ, ಶಾಯಿ ಹಚ್ಚಿ, ಕಾಗದ ಒತ್ತಿದರೆ ಚಿತ್ರ. ಎಷ್ಟು ಪ್ರತಿ ಬೇಕಾದರೂ ತೆಗೀಬಹುದು, ಶ್ರೀಮಂತನ ಗೋಡೆಯ ಹಂಗಿಲ್ಲ. ಅಲ್ಲೂ ಹೊಲದ ರೈತರು, ಕೂಲಿಯವರು, ದುಡಿಯುವ ಮಕ್ಕಳು. 1978ರಲ್ಲಿ ತೀರಿಕೊಂಡರು.

ಒಂದು ಚಿತ್ರದ ಪ್ರಿಂಟ್ ತೆಗೆಸಿ ನಮ್ಮ ಸಂಘದ ಕೋಣೆಯಲ್ಲಿ ಬಾಬಾಸಾಹೇಬರ ಫೋಟೋ ಪಕ್ಕ ಅಂಟಿಸಿದ್ದೀನಿ. ಭಾನುವಾರ ಬಂದವರು ನೋಡಿ. ಜೈಭೀಮ್.